ಲೆಕ್ಕ ಬರೆಯುವವರು ಬೇರೆ, ನೋಡುವವರು ಬೇರೆ

ಪ್ರಶ್ನೆ: ನಮ್ಮ ಅಜ್ಜ ಮೂಡಿಗೆರೆ ಕಡೆ ಶಾನುಭೋಗರಾಗಿದ್ದರು. ಅಪ್ಪ ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಮಗಳು ಹಾಸನದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ‘ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆದರಷ್ಟೇ ಅಕೌಂಟೆಂಟ್, ಮಿಕ್ಕಿದ್ದೆಲ್ಲ ಗುಮಾಸ್ತಿಕೆ’ ಅನ್ನುತ್ತಾರೆ ನೆಂಟರು. ಹೌದೇ? ಈ ವೃತ್ತಿಯಲ್ಲಿ ಇಷ್ಟೊಂದು ಕವಲು ಯಾಕೆ?

ಉತ್ತರ: ನೆಂಟರ ಮಾತು ಸರಿಯಲ್ಲ. ಲೆಕ್ಕ ಬರೆಯುವವರೊಬ್ಬರು, ಅದನ್ನು ನೋಡಿ ‘ಸರಿ’ ಎನ್ನುವವರು ಇನ್ನೊಬ್ಬರು. ವೃತ್ತಿಯ ಬೇರು ಈ ವಿಂಗಡಣೆಯಲ್ಲಿದೆ. ಯಾರ ದುಡ್ಡು, ಯಾರಿಗೆ ಉತ್ತರ ಹೇಳಬೇಕು ಎಂಬುದು ಬದಲಾದಂತೆಲ್ಲ ಕವಲು ಹೆಚ್ಚಿದವು.

ನಿಮ್ಮ ಅಜ್ಜನ ಕಾಲದಿಂದಲೇ ನೋಡೋಣ. ಹೊಯ್ಸಳರ ಶಾಸನಗಳಲ್ಲಿ ಬರುವ, ಊರಿನ ಲೆಕ್ಕ ಬರೆಯುವ ಸೇನಬೋವನೇ ಮುಂದೆ ಶಾನುಭೋಗನಾದದ್ದು. ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ: ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಆದರೆ ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಬರೆದವನ ಮೇಲೆ ಇನ್ನೊಂದು ಕಣ್ಣು ಬೇಕೇ ಬೇಕಿತ್ತು. ಕಂದಾಯದಲ್ಲಿ ಆ ಕೆಲಸ ಮಾಡಿದ್ದು ವರ್ಷವರ್ಷದ ಜಮಾಬಂದಿ, ಅಂದರೆ ಊರಿನ ಲೆಕ್ಕವನ್ನು ಮೇಲಧಿಕಾರಿ ತಪಾಸಣೆ ಮಾಡುವುದು. ಇಂದಿಗೂ ಚಿಂತೆ ಅದೇ: ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ತಿದ್ದುಪಡಿ ಯಾವಾಗ ಆಯಿತು ಎಂಬ ದಾಖಲೆ ಅಳಿಯದಂತೆ ಉಳಿಯಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತು, ಆ ಜಾಗಕ್ಕೆ ಸರ್ಕಾರಿ ನೌಕರನಾಗಿ ಗ್ರಾಮ ಲೆಕ್ಕಿಗ ಬಂದ.

ಸಿಎ ಕವಲು ಬಂದದ್ದು ಕಂಪನಿಗಳಿಂದ. ದುಡ್ಡು ಹಾಕಿದ ಷೇರುದಾರ ಎಲ್ಲೋ ಇರುತ್ತಾನೆ, ವ್ಯವಹಾರ ನಡೆಸುವವರು ಬೇರೆ. ಅವನ ಪರವಾಗಿ ಲೆಕ್ಕ ನೋಡಲು ಹೊರಗಿನವರು ಬೇಕಾಯಿತು. 1854ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ರಾಜಸನ್ನದು (ಚಾರ್ಟರ್) ಸಿಕ್ಕಿತು; ‘ಚಾರ್ಟರ್ಡ್’ ಎಂಬ ಹೆಸರು ಬಂದದ್ದು ಹಾಗೆ. ನಮ್ಮಲ್ಲಿ 1913ರ ಕಂಪನಿ ಕಾಯ್ದೆ ಆಡಿಟರ್‌ಗೆ ಅರ್ಹತೆ ಬೇಕೆಂದಿತು, 1949ರ ಜುಲೈ 1ರಂದು ಈಗಿನ ಸಿಎ ಸಂಸ್ಥೆ ಹುಟ್ಟಿತು. ಆರ್. ಶಿವಭೋಗಂ 1933ರಲ್ಲೇ ದೇಶದ ಮೊದಲ ಮಹಿಳಾ ಆಡಿಟರ್ ಆಗಿದ್ದರು ಎಂಬುದನ್ನು ಮಗಳಿಗೆ ಖಂಡಿತ ಹೇಳಿ.

ನಿಮ್ಮ ಅಪ್ಪನ ಕೆಲಸವನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಚೆಕ್‌ರೋಲ್‌ನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಯಾರು ಬಂದರು ಎಂಬುದರ ಜೊತೆಗೆ ತೋಟದ ಯಾವ ಪಟ್ಟೆಯಲ್ಲಿ ಯಾವ ಕೆಲಸ ಎಂಬುದೂ ಇರುತ್ತದೆ: ಚಿಗುರು ತೆಗೆಯುವುದಕ್ಕೆ ಎಷ್ಟಾಳು, ಗೊಬ್ಬರಕ್ಕೆ ಎಷ್ಟಾಳು, ಕೊಯ್ಲಿಗೆ ಎಷ್ಟಾಳು. ಒಂದು ಮೂಟೆ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಬಿದ್ದ ಖರ್ಚೆಷ್ಟು ಎಂದು ತೋಟದ ಯಜಮಾನ ಕೇಳಿದರೆ ಉತ್ತರ ಸಿಗುವುದು ಆ ಪುಸ್ತಕದಲ್ಲೇ. ಇದೇ ಲೆಕ್ಕವನ್ನು ಶಾಸ್ತ್ರವಾಗಿ ಕಲಿತವರು ಕಾಸ್ಟ್ ಅಕೌಂಟೆಂಟ್, ಅಂದರೆ ಸಿಎಂಎ. ಅವರ ಸಂಸ್ಥೆ ಯುದ್ಧಕಾಲದಲ್ಲಿ, 1944ರಲ್ಲಿ ಶುರುವಾಗಿ 1959ರಲ್ಲಿ ಪ್ರತ್ಯೇಕ ಕಾಯ್ದೆಯಡಿ ಬಂತು.

ತೆರಿಗೆಯಲ್ಲೂ ಕಾಫಿ ಲೆಕ್ಕವೇ ಬೇರೆ. ಬೆಳೆದು, ಒಣಗಿಸಿ ಹಾಗೇ ಮಾರಿದರೆ ಕೃಷಿ ಆದಾಯ. ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ಸುಲಿದು ಬೀಜ ವಿಂಗಡಿಸಿ ಮಾರಿದರೆ ಶೇ. 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ. 40ರಷ್ಟು ಲಾಭವನ್ನು ಕೇಂದ್ರದ ಆದಾಯ ತೆರಿಗೆಗೆ ಸೇರಿಸಬೇಕು. ಇದನ್ನು ಬಲ್ಲವರಿಗೆ ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಸದಾ ಕೆಲಸವಿದೆ.

ಸರ್ಕಾರದ ಲೆಕ್ಕಕ್ಕೆ ಸಿಎಜಿ (ಮಹಾಲೇಖಪಾಲರು) ಇದ್ದಾರೆ, ಸಹಕಾರ ಸಂಘಗಳ ಆಡಿಟ್‌ಗೆ ರಾಜ್ಯದಲ್ಲಿ ಪ್ರತ್ಯೇಕ ಇಲಾಖೆಯೇ ಇದೆ. ಇಲ್ಲಿಗೆ ನೇಮಕಾತಿ ಪರೀಕ್ಷೆ ಬರೆದು ಹೋಗಬಹುದು, ಸಿಎ ಆಗಿರಲೇಬೇಕೆಂದಿಲ್ಲ.

ಕಂಪನಿಯ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕಲೇಬೇಕು ಎಂಬ ಆಸೆ ಮಗಳಿಗಿದ್ದರೆ ಸಿಎಯೇ ದಾರಿ. ಬಿ.ಕಾಂ.ನಲ್ಲಿ ಶೇ. 55 ಬಂದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ. ಯಾವುದನ್ನೇ ಆರಿಸುವ ಮುನ್ನ ಒಂದು ಕೊಯ್ಲಿನ ಕಾಲ ತನ್ನ ಅಜ್ಜನ (ನಿಮ್ಮ ಅಪ್ಪನ) ಜೊತೆ ಕೂತು ಚೆಕ್‌ರೋಲ್ ಬರೆಯಲಿ, ಆಮೇಲೆ ತೋಟಗಳ ಆಡಿಟ್ ಮಾಡುವ ಕಚೇರಿಯೊಂದರಲ್ಲಿ ಅದೇ ಲೆಕ್ಕವನ್ನು ಹೇಗೆ ಪರಿಶೀಲಿಸುತ್ತಾರೆ ನೋಡಲಿ. ಎರಡರಲ್ಲಿ ಯಾವ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆ ಎಂಬುದು ಅವಳಿಗೇ ತಿಳಿಯುತ್ತದೆ.