ಬಿಸಿಯೇರುವ ಪಿಸಿ: ಲಿಕ್ವಿಡ್ ಕೂಲರ್ ಕೊಳ್ಳುವ ಮೊದಲು

ಪ್ರಶ್ನೆ: ನನ್ನ ಗೇಮಿಂಗ್ ಪಿಸಿಯಲ್ಲಿರುವುದು ರೈಜನ್ 5 5600ಎಕ್ಸ್ ಪ್ರೊಸೆಸರ್, ಅದರ ಜೊತೆಗೇ ಬಂದ ಕೂಲರ್. ಕೊಂಡು ಮೂರು ವರ್ಷವಾಯಿತು. ಈ ಬೇಸಿಗೆಯಲ್ಲಿ ಆಟ ಶುರುವಾದ ಹತ್ತೇ ನಿಮಿಷಕ್ಕೆ 95 ಡಿಗ್ರಿ ಮುಟ್ಟಿ ತಡವರಿಸುತ್ತದೆ. ಅಂಗಡಿಯವರು ಲಿಕ್ವಿಡ್ ಕೂಲರ್ (ದ್ರವ ಹರಿಸಿ ಶಾಖ ಹೊರಹಾಕುವಂಥದ್ದು) ಹಾಕಿಸಿ ಅನ್ನುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಈಗಲೇ ಬೇಡ. 95 ಡಿಗ್ರಿ ಈ ಪ್ರೊಸೆಸರ್‌ನ ಗರಿಷ್ಠ ಮಿತಿ. ಅಲ್ಲಿಗೆ ಬಂದಾಗ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸುವುದು ಅದಕ್ಕೇ. ಶಾಖ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯದೆ ದುಡ್ಡು ಸುರಿಯಬೇಡಿ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಆಟವನ್ನು 15 ನಿಮಿಷ ಆಡಿ. ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಉಷ್ಣಾಂಶದ ಜೊತೆ ವೇಗವನ್ನೂ ಗಮನಿಸಿ. ಉಷ್ಣಾಂಶ 95ರಲ್ಲೇ ನಿಂತರೂ ವೇಗ ಏರಿದ್ದರೆ ಅದೂ ಸುಧಾರಣೆಯೇ. 8–10 ಡಿಗ್ರಿ ಇಳಿದರೆ ತೊಂದರೆ ಗಾಳಿಯ ಓಡಾಟದ್ದು. ಮುಂದಿನ ಜಾಲರಿಯ ಧೂಳು ತೆಗೆಯಿರಿ. ಮುಂದಿನ ಫ್ಯಾನ್ ಗಾಳಿ ಒಳಗೆಳೆಯಬೇಕು, ಹಿಂದಿನದು ಹೊರದಬ್ಬಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಏನೂ ಬದಲಾಗದಿದ್ದರೆ ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ನಡುವೆ ಹಚ್ಚುವ ಲೇಪ) ಮೇಲೆ ಅನುಮಾನ. ಇಲ್ಲಿ ಆತುರ ಸಲ್ಲದು. ಈ ಪ್ರೊಸೆಸರ್‌ನ ಪಿನ್‌ಗಳು ಅದರ ಅಡಿಯಲ್ಲೇ ಇರುತ್ತವೆ. ಗಟ್ಟಿಯಾದ ಪೇಸ್ಟ್‌ಗೆ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರ್ರೂ ಕಿತ್ತು ಬಂದರೆ ಪಿನ್ ಬಾಗುತ್ತವೆ. ಹಾಗಾಗಿ ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಪಿಸಿ ಆರಿಸಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಮದರ್‌ಬೋರ್ಡ್ ಹಿಂದಿನ ಪ್ಲೇಟ್ ಕಳಚಿ ಬೀಳದಂತೆ ಕೈ ಆನಿಸಿರಿ. ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಸಡಿಲವಾದ ಮೇಲಷ್ಟೇ ಎತ್ತಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಹೊಸದನ್ನು ನಡುವೆ ಸಣ್ಣ ಬಟಾಣಿ ಕಾಳಿನಷ್ಟು ಇಡಿ. ಸ್ಕ್ರೂ ಬಿಗಿಸುವಾಗಲೂ ಅದೇ ಕ್ರಮ, ಒಂದೇ ಮೂಲೆ ಬಿಗಿದರೆ ಕೂಲರ್ ವಾಲಿ ಕೂರುತ್ತದೆ. ಫ್ಯಾನ್ ವೈರ್ ಮದರ್‌ಬೋರ್ಡ್‌ನ ಸಿಪಿಯು ಫ್ಯಾನ್ ಪಿನ್‌ಗೇ ಹೋಗಬೇಕು.

ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಯಾದರೆ ಲಿಕ್ವಿಡ್ ಕೂಲರ್ ಕೂಡ ಅದಕ್ಕಿಂತ ಕೆಳಗೆ ಇಳಿಸಲಾರದು. ಮಾನಿಟರ್ 60 ಹರ್ಟ್ಸ್‌ನದಾದರೆ ಆಟದ ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು) 60ಕ್ಕೆ ಕಟ್ಟಿ. ಖರ್ಚಿಲ್ಲದೆ ಬಿಸಿ ಇಳಿಯುತ್ತದೆ. ಇಷ್ಟಾದರೂ 90 ದಾಟಿದರೆ 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಏರ್ ಕೂಲರ್ (ಗೋಪುರದಂತೆ ನಿಂತು ಗಾಳಿಯಿಂದ ತಣಿಸುವಂಥದ್ದು) ಸಾಕು. ಅಂಥವು ಸಾಮಾನ್ಯವಾಗಿ 150–160 ಮಿಲಿಮೀಟರ್ ಎತ್ತರ ಇರುತ್ತವೆ. ಕೊಳ್ಳುವ ಮುನ್ನ ನಿಮ್ಮ ಕ್ಯಾಬಿನೆಟ್‌ಗೆ ಎಷ್ಟು ಎತ್ತರದ್ದು ಹಿಡಿಸುತ್ತದೆ ಎಂದು ನೋಡಿಕೊಳ್ಳಿ.