ಡಿಸೆಂಬರ್ ಕಳೆದರೆ ಸಾಕು, ರಾಜೀನಾಮೆ

ಪ್ರಶ್ನೆ: ಕಂಪನಿ ನನ್ನನ್ನು ಮನಿಲಾದ ಕಾಲ್ ಸೆಂಟರ್‌ಗೆ ಕಳಿಸಿದೆ. ಇಲ್ಲಿನ ಹುಡುಗ ಹುಡುಗಿಯರು ವರ್ಷ ತುಂಬುವುದರೊಳಗೆ ಬೇರೆ ಕಡೆ ಹಾರುತ್ತಾರೆ. ಜನವರಿಯಲ್ಲಂತೂ ರಾಜೀನಾಮೆಗಳ ಸಾಲು. ನಿಷ್ಠೆಯೇ ಇಲ್ವಾ ಇವರಿಗೆ?

ಉತ್ತರ: ನಿಷ್ಠೆ ಆಮೇಲೆ, ಮೊದಲು ಲೆಕ್ಕ ನೋಡಿ. ಫಿಲಿಪೀನ್ಸ್‌ನಲ್ಲಿ 1975ರಿಂದ ‘ಹದಿಮೂರನೇ ತಿಂಗಳ ಸಂಬಳ’, ಅಂದರೆ ವರ್ಷಕ್ಕೊಮ್ಮೆ ಕೊಡುವ ಹೆಚ್ಚುವರಿ ಸಂಬಳ, ಕಾನೂನಲ್ಲೇ ಇದೆ, ಡಿಸೆಂಬರ್ 24ರೊಳಗೆ ಕೊಡಬೇಕು. ಮಧ್ಯೆ ಬಿಟ್ಟವರಿಗೂ ಅದರ ಪಾಲು ಬರುತ್ತದೆ ನಿಜ, ಆದರೆ ಕೊನೆ ಲೆಕ್ಕ ಚುಕ್ತಾ ಆಗುವವರೆಗೆ ಕಾಯೋರು ಯಾರು? ದುಡ್ಡು ಕೈಗೆ ಬಂದ ಮೇಲೆ ಹೊರಡೋದೇ ಜಾಣತನ, ಅಲ್ವಾ?

ಇನ್ನೊಂದು ಮಾತು. ಅಲ್ಲಿ ಆರು ತಿಂಗಳ ಪ್ರೊಬೇಷನ್ ಮುಗಿದರೆ ಕೆಲಸ ಕಾಯಂ. ಅದನ್ನು ತಪ್ಪಿಸಲು ಎಷ್ಟೋ ಮಾಲೀಕರು ಐದೇ ತಿಂಗಳಿಗೆ ಮನೆಗೆ ಕಳಿಸುತ್ತಾರೆ, ಜನ ಇದನ್ನು ‘ಎಂಡೊ’ (‘ಎಂಡ್ ಆಫ್ ಕಾಂಟ್ರಾಕ್ಟ್’, ಅಂದರೆ ಗುತ್ತಿಗೆ ಮುಗಿಯಿತು) ಅನ್ನುತ್ತಾರೆ. ಇದಕ್ಕೆ ಕಡಿವಾಣ ಹಾಕುವ ಮಸೂದೆ ಸಂಸತ್ತಿನಲ್ಲಿ ಪಾಸಾಗಿತ್ತು, 2019ರಲ್ಲಿ ಅಧ್ಯಕ್ಷ ಡುಟರ್ಟೆ ವೀಟೊ ಮಾಡಿದರು. ಮಾಲ್‌ಗಳಲ್ಲಿ, ಫಾಸ್ಟ್ ಫುಡ್ ಅಂಗಡಿಗಳಲ್ಲಿ ಅಕ್ಕ ಅಣ್ಣಂದಿರು ಹೀಗೆ ಅಲೆದಿದ್ದನ್ನು ನೋಡಿ ಬೆಳೆದವರಿಗೆ ನೀವು ನಿಷ್ಠೆಯ ಪಾಠ ಹೇಳಿದರೆ ನಗು ಬರುತ್ತೆ ಅಷ್ಟೇ.

ಹಾಗಂತ ಹಾರೋದೆಲ್ಲ ಬೆಳವಣಿಗೆಯಲ್ಲ. ಅದೇ ಹೆಡ್‌ಸೆಟ್, ಅದೇ ರಾತ್ರಿ ಪಾಳಿ, ಸ್ವಲ್ಪ ಜಾಸ್ತಿ ಪೆಸೊ, ಇಷ್ಟಕ್ಕೇ ಹೋಗುವವರೂ ಇದ್ದಾರೆ. ಅವರನ್ನು ತಡೆಯೋಕೆ ಸುಮ್ನೆ ಕಷ್ಟಪಡಬೇಡಿ. ಟ್ರೇನರ್, ಕ್ವಾಲಿಟಿ ಕೆಲಸಗಳಿಗೆ ಹೊರಗಿನವರನ್ನು ತರುವ ಮೊದಲು ನಿಮ್ಮ ತಂಡದವರನ್ನೇ ಕೇಳಿ, ಅದನ್ನೂ ನವೆಂಬರ್‌ನಲ್ಲೇ ಕೇಳಿ.