ನೆಲನೆಲ್ಲಿಯ ಚಿತ್ರ ಬಿಡಿಸುವಾಗ ಎಲೆಗಿಂತ ಮೊದಲು ಗಿಣ್ಣು

ಗಿಡಗಳ ಚಿತ್ರ ಬಿಡಿಸುವ ನಮ್ಮ ಗುಂಪಿನಲ್ಲಿ ನೀವು ಹಾಕಿದ ಚಿತ್ರ ನೋಡಿದೆ. ಫುಟ್‌ಪಾತಿನ ಕಲ್ಲುಸಂದಿಯ ನೆಲನೆಲ್ಲಿಯನ್ನು ಮೇಲಿನಿಂದ ಫೋಟೊ ತೆಗೆದು, ರಾತ್ರಿ ಮನೆಯಲ್ಲಿ ಕುಳಿತು ಬಿಡಿಸಿದ್ದಾಗಿ ಬರೆದಿದ್ದೀರಿ. ರೇಖೆ ಚೆನ್ನಾಗಿದೆ. ಆದರೆ ಚಿತ್ರದಲ್ಲಿ ಒಂದು ಕಾಯಿಯೂ ಇಲ್ಲ, ಕಡ್ಡಿಯನ್ನು ಹುಣಸೆಯ ಸಂಯುಕ್ತ ಎಲೆಯಂತೆ (ಹಲವು ಕಿರುಎಲೆಗಳು ಸೇರಿ ಒಂದೇ ಎಲೆ) ತೋರಿಸಿದ್ದೀರಿ. ಬಸವನಗುಡಿಯಲ್ಲಿದ್ದಾಗ ಒಂದಿಡೀ ಮಳೆಗಾಲ ನಾನು ಮಾಡಿದ್ದೂ ಇದೇ ತಪ್ಪಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ವರ್ಷ ನನ್ನ ಚಿತ್ರ ಬಿಡಿಸುವ ಪುಸ್ತಕದ 11 ಪುಟಗಳಲ್ಲಿ ನೆಲನೆಲ್ಲಿಯಿತ್ತು, ಒಂದರಲ್ಲೂ ಕಾಯಿ ಇರಲಿಲ್ಲ. ಕಾಮಾಲೆಯ ಮನೆಮದ್ದಿಗೆಂದು ಸೊಪ್ಪು ಕೀಳಲು ಬಂದ ಅಜ್ಜಿಯೊಬ್ಬರು ಕಡ್ಡಿಯನ್ನು ಮಗುಚಿ ಹಿಡಿದಾಗ, ಎಲೆಗಳ ಅಡಿಯಲ್ಲಿ ಸಾಸಿವೆಕಾಳಿನಷ್ಟು ಹಸಿರು ಕಾಯಿಗಳು ಸಾಲಾಗಿ ತೂಗುತ್ತಿದ್ದುದನ್ನು ಮೊದಲ ಬಾರಿಗೆ ಕಂಡೆ. ಎಲೆಯ ಕಂಕುಳಲ್ಲಿ, ಅಂದರೆ ಎಲೆ ಕಡ್ಡಿಗೆ ಸೇರುವ ಮೂಲೆಯಲ್ಲಿ, ಹೂವೋ ಕಾಯೋ ಇದೆಯೆಂದರೆ ಅದು ಕಿರುಎಲೆಯಲ್ಲ, ಪೂರ್ಣ ಎಲೆ. ನಾವಿಬ್ಬರೂ ಎಲೆಯೆಂದುಕೊಂಡದ್ದು ರೆಂಬೆ. ಹೊಂಗೆಯಲ್ಲಿ ಇದಕ್ಕೆ ವಿರುದ್ಧ: ಐದೋ ಏಳೋ ಕಿರುಎಲೆ ಸೇರಿ ಒಂದು ಎಲೆಯಾಗುತ್ತದೆ, ಮೊಗ್ಗು ಇರುವುದು ಆ ಇಡೀ ಎಲೆಯ ತೊಟ್ಟಿನ ಬುಡದಲ್ಲಿ ಮಾತ್ರ.

ಅಂದಿನಿಂದ ನಾನು ಕಾಂಡದ ಒಂದೇ ಗೆರೆ ಎಳೆದು, ಗಿಣ್ಣುಗಳನ್ನು (ಕಾಂಡದಿಂದ ಎಲೆ ಹೊರಡುವ ಜಾಗಗಳನ್ನು) ಅವುಗಳ ಅಂತರಕ್ಕೆ ತಕ್ಕಂತೆ ಗುರುತಿಸಿ, ಪ್ರತಿ ಗಿಣ್ಣಿನಲ್ಲಿ ಏನಿದೆಯೆಂದು ನೋಡಿ ಬರೆದ ಮೇಲಷ್ಟೇ ಎಲೆಗೆ ಕೈಹಾಕುತ್ತೇನೆ. ಕೊಮ್ಮೆ ಗಿಡದ ಒಂದೊಂದು ಗಿಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂಬುದು ವರ್ಷಗಟ್ಟಲೆ ತುಳಿದು ಓಡಾಡಿದ್ದ ನನಗೆ ತಿಳಿದದ್ದು ಹೀಗೆ ಬಿಡಿಸಿದಾಗಲೇ. ಈ ಕ್ರಮ ಗರಿಕೆಗೂ ಒಗ್ಗುತ್ತದೆ. ಎಲೆಗಳು ಬುಡದಲ್ಲೇ ಒತ್ತಾಗಿ ಸೇರಿರುವ ಗಿಡಗಳಿಗೆ ಒಗ್ಗುವುದಿಲ್ಲ, ಅಲ್ಲಿ ಹೊರಗಿನ ಹಳೆಯ ಎಲೆಯಿಂದ ಆರಂಭಿಸಿ.

ಫೋಟೊ ಬೇಡವೆನ್ನುವುದಿಲ್ಲ, ಆದರೆ ಬಿಡಿಸಿದ ಮೇಲೆ ತೆಗೆಯಿರಿ. ಗಿಡ ಗುರುತಿಸುವ ಆ್ಯಪ್ ಕೂಡ ಅನಂತರವೇ ಇರಲಿ, ಏಕೆಂದರೆ ಹೆಸರು ಸಿಕ್ಕ ಕ್ಷಣ ಕಣ್ಣು ಕೆಲಸ ನಿಲ್ಲಿಸುತ್ತದೆ. ದಯವಿಟ್ಟು ಗಿಡ ಕಿತ್ತು ಮನೆಗೆ ತರಬೇಡಿ; ಗುಂಪಿನಲ್ಲಿ ಈ ಅಭ್ಯಾಸ ಹೆಚ್ಚುತ್ತಿರುವುದು ನನಗೆ ಬೇಸರ ತಂದಿದೆ. ನೆಲನೆಲ್ಲಿ ಬೇಗ ಬಾಡುತ್ತದೆ, ಬಾಡಿದ ಎಲೆಯ ಕೋನ ಸುಳ್ಳು ಹೇಳುತ್ತದೆ. ಪಕ್ಕದಲ್ಲಿ ಪಾರ್ಥೇನಿಯಂ ಇದ್ದರೆ ತುಸು ದೂರ ಕುಳಿತುಕೊಳ್ಳಿ, ಕೆಲವರಿಗೆ ಚರ್ಮ ಕೆರಳುತ್ತದೆ.

ಸಲಕರಣೆಗೆ ದುಡ್ಡು ಸುರಿಯಬೇಕಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಬಿಡಿಸುವಾಗ ಹಾಳೆಗೆ ಅಂಗೈ ಉಜ್ಜುವುದರಿಂದ ಮೃದುವಾದ 4ಬಿ, 6ಬಿ ಪೆನ್ಸಿಲ್ ಮಸಿಯಾಗುತ್ತದೆ. ನನಗೆ ನಟರಾಜ್ ಎಚ್‌ಬಿ ಸಾಕು, ಅಪ್ಸರಾ ಕೂಡ ಆದೀತು. ದುಬಾರಿ ಜಲವರ್ಣದ ಹಾಳೆ ಕೊಂಡವರು ಅದನ್ನು ಕೆಡಿಸುವ ಭಯದಲ್ಲಿ ಏನನ್ನೂ ಬಿಡಿಸದಿರುವುದನ್ನು ಕಂಡಿದ್ದೇನೆ. ರಬ್ಬರ್ ಮನೆಯಲ್ಲೇ ಬಿಡಿ, ತಪ್ಪು ಗೆರೆಯ ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಿರಿ.

ಮುಂದೆ ಹೊಂಗೆ ಬಿಡಿಸುವಾಗ ಎಲೆಯ ಮೇಲಿನ ಗಂಟುಗಳನ್ನು ಅಂದಗೆಡಿಸುತ್ತವೆಂದು ಕೈಬಿಡಬೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಬ್ಬಿಸಿದ ಮನೆಗಳವು. ರಸ್ತೆಬದಿಯ ಮಳೆಮರವನ್ನು ಬಿಡಿಸುವುದಾದರೆ ಸಂಜೆಗೆ ಮೊದಲೇ ಹೋಗಿ, ಕತ್ತಲಾಗುವ ಹೊತ್ತಿಗೆ ಅದರ ಕಿರುಎಲೆಗಳು ಮಡಚಿಕೊಳ್ಳುತ್ತವೆ. ನಿಮ್ಮ ನೆಲನೆಲ್ಲಿಯನ್ನು ಮಾತ್ರ ನಾಳೆ ಬೆಳಿಗ್ಗೆಯೇ, ಕಳೆ ಕೀಳುವವರು ಬರುವ ಮುನ್ನ, ಒಂದೇ ಒಂದು ಕಡ್ಡಿಯನ್ನು ಮೆಲ್ಲಗೆ ಎತ್ತಿ ಕೆಳಗಿನಿಂದ ಬಿಡಿಸಿ ಇಲ್ಲಿ ಹಾಕಿ.